ಟಾಯರ್ ಬಾದಲಿಯಲ್ಲಿ ಸೇದಿದ ನೀರು

ನೀರು ಹಿಡಿಯುವಾಗ ಪ್ಲಾಸ್ಟಿಕ್ ಮುಟ್ಟಿಸಬೇಡಿ ಎಂದು ಹೇಳಿದವಳು ನಾನೇ. ಫೋನಿನಲ್ಲಿ ಎರಡೆರಡು ಸಲ ಹೇಳಿದ್ದೆ. ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದಲೇ ಕೆಲಸ ಕೆಟ್ಟಿತು. ತಪ್ಪು ಪಾಲಿಸಿದವನದಲ್ಲ, ಹೇಳಿದವಳದು. ಮುಂದೆ ನಾನು ಯಾರ್ಯಾರ ಮೇಲೋ ಸಿಟ್ಟು ಮಾಡಿಕೊಳ್ಳುವವಳಿದ್ದೇನೆ, ಆದ್ದರಿಂದ ಇದನ್ನು ಮೊದಲೇ ಒಪ್ಪಿಕೊಂಡಿರುವುದು ಒಳ್ಳೆಯದು.

ನಿಪ್ಪಾಣಿಯಲ್ಲಿ ಮಣ್ಣು, ನೀರು ಪರೀಕ್ಷಿಸುವ ಸಣ್ಣ ಪ್ರಯೋಗಾಲಯವೊಂದರಲ್ಲಿ ನನ್ನ ಕೆಲಸ. ಕಬ್ಬಿನ ಹೊಲದ ಸವುಳು, ಬೋರಿನ ನೀರಿನ ಗಡಸುತನ, ದ್ರಾಕ್ಷಿ ತೋಟದವರು ತರುವ ಎಲೆತೊಟ್ಟುಗಳು, ದಿನ ಹೀಗೇ ಹೋಗುತ್ತವೆ. ಯುಗಾದಿಯ ಹೊತ್ತಿಗೆ ಅಕಾಲದ ಮಳೆಯೊಂದು ಸುರಿದುಹೋದ ಮೇಲೆ, ಅಕ್ಕೋಳದ ಕಡೆಯ ರೈತನೊಬ್ಬ ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದ. ನಲವತ್ತರ ಆಸುಪಾಸಿನವನು, ಮಾತಿಗೆ ಮೊದಲು ಒಮ್ಮೆ ಕೆಮ್ಮುವ ರೂಢಿ. ಡಬ್ಬಿಯಲ್ಲಿ ನೀರಿರಲಿಲ್ಲ. ಎರಡು ಪದರಾಗಿ ಮಡಚಿದ ಬಿಳಿ ಬಟ್ಟೆ ಇತ್ತು.

“ನೀರು ತರಲಿಲ್ಲೇನ್ರಿ?” ಎಂದೆ.

“ನಮ್ಮ ದೊಡ್ಡವ್ವ ಕಳಿಸ್ಯಾಳ್ರಿ. ನೀರಲ್ಲ, ಬಟ್ಟಿ ನೋಡಂತ ಹೇಳು ಅಂದಾಳ.”

ಬಟ್ಟೆಯ ಮೇಲೆ ರವೆಯಂಥ ಕಪ್ಪು ಕಾಳುಗಳು ಅಂಟಿದ್ದವು. ಬೆರಳಿನಲ್ಲಿ ಒತ್ತಿದರೆ ಒಡೆಯಲಿಲ್ಲ, ಕುಗ್ಗಿ ಮತ್ತೆ ಉಬ್ಬಿದವು. ರಬ್ಬರು. ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ. ರಬ್ಬರಿನ ಚೂರು ಬಿಟ್ಟರೆ ಬೇರೇನೂ ಕಾಣಲಿಲ್ಲ. ಹಾಗೆಂದೇ ಹೇಳಿದೆ.

“ಹೌದ್ರಿ. ಬ್ಯಾರೆ ಏನೂ ಇಲ್ಲ ಅನ್ನೂದಕ್ಕ ಆಕಿ ಅಂಜ್ಯಾಳ,” ಎಂದ.

ಆಗ ನನಗೆ ಅರ್ಥವಾಗಲಿಲ್ಲ. ಮರುದಿನ ಅವರ ತೋಟದ ಮನೆಗೆ ಹೋದ ಮೇಲೆ ಆಯಿತು. ಅವನ ದೊಡ್ಡವ್ವನಿಗೆ ಎಂಬತ್ತು ದಾಟಿತ್ತು. ಊರಿನವರೆಲ್ಲ ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಜೈನರ ಮನೆ. ನಲವತ್ತು ವರ್ಷಗಳಿಂದ ಆಯಿ ಮನೆಯ ಪಕ್ಕದ ಈ ಬಾವಿಯ ನೀರನ್ನು ಬಿಟ್ಟು ಬೇರೆ ನೀರು ಕುಡಿದವರಲ್ಲ. ಬೆಳಿಗ್ಗೆ ಜಳಕ ಮಾಡಿ, ತಾಮ್ರದ ಬಾದಲಿಗೆ ನೂಲಿನ ಹಗ್ಗ ಕಟ್ಟಿ ತಾವೇ ಸೇದುತ್ತಾರೆ. ಎರಡು ಪದರದ ಬಟ್ಟೆಯಲ್ಲಿ ಸೋಸುತ್ತಾರೆ. ಬಟ್ಟೆಯ ಮೇಲೆ ಉಳಿದ ಕಣ್ಣಿಗೆ ಕಂಡೂ ಕಾಣದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ಅದೇ ಬಾವಿಗೆ ವಾಪಸು ಬಿಡುತ್ತಾರೆ. ಮೇಲಿನಿಂದ ಸುರಿದರೆ ಅವು ಸಾಯುತ್ತವೆ ಎಂದು, ಬಾದಲಿಯ ತಳಕ್ಕೊಂದು ಕೊಂಡಿ ಹಾಕಿಸಿದ್ದಾರೆ. ಬಾದಲಿ ನೀರು ಮುಟ್ಟಿದಾಗ ಕೊಂಡಿಗೆ ಕಟ್ಟಿದ ಇನ್ನೊಂದು ಹಗ್ಗ ಎಳೆದರೆ ಅದು ಮೆಲ್ಲಗೆ ಮಗುಚುತ್ತದೆ. ವಾಪಸು ಬಿಡುವ ಆ ನೀರಿಗೆ ಜೀವಾಣಿ ಎನ್ನುತ್ತಾರೆ.

“ಮೊದಲ ಬಟ್ಟಿ ಮ್ಯಾಲ ಪಿಳಿಪಿಳಿ ಅಂತಿದ್ದು ತಂಗಿ. ಕಣ್ಣ ಮಂದ ಆದ್ರೂ ನನಗ ಕಾಣತಿತ್ತು. ಮಳಿ ಆದ ಮ್ಯಾಲ ಏನೂ ಮಿಸುಕವಲ್ಲದು. ನೀರಾಗ ಜೀವ ಇಲ್ಲ,” ಎಂದರು ಆಯಿ.

ಬಾವಿಯಿಂದ ತುಸು ಮೇಲಕ್ಕೆ ಒಳರಸ್ತೆಯೊಂದು ಹಾದುಹೋಗುತ್ತದೆ. ಚಳಿಗಾಲದಲ್ಲಿ ಅದಕ್ಕೆ ಹೊಸ ಡಾಂಬರು ಹಾಕಿದ್ದರು, ಹಳೆಯ ಟಾಯರಿನ ಪುಡಿ ಬೆರೆಸಿ ಕಾಯಿಸಿದ ಡಾಂಬರು. ಅದರಲ್ಲಿ ತಪ್ಪೇನೂ ಇಲ್ಲ, ನಿಯಮದಲ್ಲೇ ಇದೆ, ರಸ್ತೆ ಗಟ್ಟಿಯಾಗುತ್ತದೆ. ಡಾಂಬರಿನಲ್ಲಿ ಬೆಂದ ರಬ್ಬರು ಬಹುಮಟ್ಟಿಗೆ ಅಲ್ಲೇ ಹಿಡಿದುಕೊಂಡಿರುತ್ತದೆ. ಆದರೆ ಕೆಲಸ ಮುಗಿದಾಗ ಉಳಿದ ಪುಡಿಯ ಚೀಲಗಳನ್ನು ಗುತ್ತಿಗೆಯವರು ವಾಪಸು ಒಯ್ದಿರಲಿಲ್ಲ. ರಸ್ತೆಯ ಬದಿ ಕೊರೆದಿದ್ದ ಗುಂಡಿಯನ್ನು ತುಂಬಲು ಮಣ್ಣಿನ ಜೊತೆ ಸುರಿದುಬಿಟ್ಟಿದ್ದರು. ಬೇಯದ, ಬರಿ ರಬ್ಬರಿನ ಪುಡಿ. ನಾನು ಹೋದಾಗ ಗುಂಡಿ ಬಿಸಿಲಿಗೆ ಕಾದು ಲಾರಿ ಗ್ಯಾರೇಜಿನ ವಾಸನೆ ಹೊಡೆಯುತ್ತಿತ್ತು. ಅಲ್ಲಿಂದ ಚರಂಡಿ, ಚರಂಡಿಯಿಂದ ಬಾವಿಯ ದಂಡೆ. ನೀರಿಗೆ ದಾರಿ ತೋರಿಸುವವರು ಬೇಕಾಗಿರಲಿಲ್ಲ.

ಆಯಿಗೆ ಅವಸರವಿತ್ತು. ಆಷಾಢದಲ್ಲಿ ಚಾತುರ್ಮಾಸಕ್ಕೆ ಮುನಿಗಳು ಸಮೀಪದ ಊರಿಗೆ ಬರುವವರಿದ್ದರು. ಅವರ ಆಹಾರಕ್ಕೆ ನಳದ ನೀರು, ಬೋರಿನ ನೀರು ಸಲ್ಲವು, ಬಾವಿಯಿಂದ ಸೇದಿ ಸೋಸಿದ್ದೇ ಆಗಬೇಕು. ಪ್ರತಿ ಸಲ ಈ ಬಾವಿಯ ನೀರೇ ಹೋಗುತ್ತಿತ್ತು. “ಅಷ್ಟರಾಗ ಇದರ ನೀರು ಛಲೋ ಐತೋ ಕೆಟ್ಟೈತೋ ಹೇಳಿಬಿಡು,” ಎಂದರು.

ಹೇಳುವುದು ಅಷ್ಟು ಸುಲಭವಿರಲಿಲ್ಲ. ಟಾಯರು ಬಿರಿಯದಂತೆ ರಬ್ಬರಿಗೆ ಒಂದು ರಾಸಾಯನಿಕ ಬೆರೆಸುತ್ತಾರೆ. ಅದು ಗಾಳಿಯಲ್ಲಿರುವ ಓಝೋನ್ ಜೊತೆ ಸೇರಿ ಕ್ವಿನೋನ್ ಎಂಬ ಇನ್ನೊಂದು ವಸ್ತುವಾಗುತ್ತದೆ. ಹೊರದೇಶದ ಒಂದು ಜಾತಿಯ ಮೀನನ್ನು ಅದು ಹನಿಯಷ್ಟೇ ಇದ್ದರೂ ಕೊಲ್ಲುತ್ತದೆಂದು ತಿಳಿದಿದೆ, ಇನ್ನು ಕೆಲವು ಮೀನುಗಳಿಗೆ ಏನೂ ಆಗುವುದಿಲ್ಲ. ನಮ್ಮ ಬಾವಿಗಳ ಕಪ್ಪೆಗೆ, ನೀರಿನಲ್ಲಿ ನೆಗೆಯುವ ಪುಟ್ಟ ನೀರುಚಿಗಟಕ್ಕೆ ಏನು ಮಾಡುತ್ತದೆ ಎಂದು ಹುಡುಕಿದೆ, ನನಗೆ ಸಿಕ್ಕಲಿಲ್ಲ. ಮಣ್ಣು ಅದರಲ್ಲಿ ಸ್ವಲ್ಪವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಿಸಿಲು ಸ್ವಲ್ಪವನ್ನು ಒಡೆಯುತ್ತದೆ. ಆಳದ ಬಾವಿಯಲ್ಲಿ ಬಿಸಿಲೆಲ್ಲಿ? ಇದನ್ನು ಅಳೆಯುವ ಯಂತ್ರ ನಮ್ಮಲ್ಲಿಲ್ಲ, ಪುಣೆಯ ಪ್ರಯೋಗಾಲಯವೊಂದಕ್ಕೆ ಕಳಿಸಬೇಕು.

ಬೇಕಾದದ್ದು ಮಳೆಯ ಮೊದಲ ಹರಿವಿನ ನೀರು. ಗುಂಡಿಗಿಂತ ಮೇಲಿನ ಚರಂಡಿಯಿಂದ ಒಂದು ಬಾಟಲಿ, ಕೆಳಗಿನ ಚರಂಡಿಯಿಂದ ಒಂದು, ಬಾವಿಯದೊಂದು. ಮೇಲಿನದರಲ್ಲಿ ಕಡಿಮೆ, ಕೆಳಗಿನದರಲ್ಲಿ ಹೆಚ್ಚು ಬಂದರೆ ಗುಂಡಿಯೇ ಮೂಲ ಎಂದು ಹೇಳಬಹುದು. ಕಂದು ಗಾಜಿನ ಬಾಟಲಿಗಳನ್ನು ಮೆಥನಾಲಿನಲ್ಲಿ ತೊಳೆದು, ಪ್ರಯೋಗಾಲಯದ ಓವನ್ನಿನಲ್ಲಿ ಕಾಯಿಸಿ, ರೈತನ ಮನೆಯಲ್ಲೇ ಇಟ್ಟು ಬಂದೆ. ಐಸ್ ಪೆಟ್ಟಿಗೆಯನ್ನೂ ಕೊಟ್ಟೆ. ಮಳೆಯ ಮೋಡ ಕಂಡೊಡನೆ ಫೋನ್ ಮಾಡಿದರೆ ನಾನು ಬಂದು ಹಿಡಿಯುವುದು ಎಂದು ಮಾತಾಗಿತ್ತು.

ಮಳೆ ಮಾತು ಕೇಳಲಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಗಾಳಿ ಗುಡುಗಿನೊಂದಿಗೆ ಬಂತು. ನಾನು ಚಿಕ್ಕೋಡಿಯಲ್ಲಿದ್ದೆ. ದಾರಿಯಲ್ಲಿ ಹುಣಸೆ ಮರ ಬಿದ್ದು ಬಸ್ಸು ನಿಂತಿತು. ಬಸ್ಸಿನೊಳಗಿಂದಲೇ ರೈತನಿಗೆ ಒಂದೊಂದಾಗಿ ಹೇಳಿದೆ. ಬಾಟಲಿ ಪೂರ್ತಿ ತುಂಬಬೇಕು, ಮುಚ್ಚಳದ ಒಳಗೆ ಬೆರಳು ತಾಗಬಾರದು, ಪ್ಲಾಸ್ಟಿಕ್ ಮುಟ್ಟಿಸಬಾರದು, ಕೂಡಲೇ ಐಸಿನಲ್ಲಿಡಬೇಕು. ಪ್ರತಿ ಮಾತಿಗೂ ಕೆಮ್ಮಿ “ಹೂಂನ್ರಿ” ಎಂದ. ಸಂಜೆ ನಾನು ಮುಟ್ಟುವಷ್ಟರಲ್ಲಿ ಮೂರೂ ಬಾಟಲಿಗಳು ತುಂಬಿ, ಚೀಟಿ ಅಂಟಿಸಿಕೊಂಡು ಐಸಿನಲ್ಲಿ ಕೂತಿದ್ದವು. ನನ್ನ ಕೆಲಸದ ಜಾಗದಲ್ಲೂ ಅಷ್ಟು ಅಚ್ಚುಕಟ್ಟಾಗಿ ಯಾರೂ ಮಾಡುವುದಿಲ್ಲ.

ಮರುದಿನ ನೀರನ್ನು ಗಾಜಿನ ನಾರಿನ ಸೋಸುಕಾಗದದಲ್ಲಿ ಸೋಸಿದೆ. ಬಟಾಣಿ ಕಾಳಿನಷ್ಟು ಪುಡಿ ತುಂಬಿದ ಪುಟ್ಟ ಕೊಳವೆಯ ಮೂಲಕ ಹನಿಹನಿಯಾಗಿ ಹಾಯಿಸಿದೆ. ನೀರಿನಲ್ಲಿರುವ ಕ್ವಿನೋನ್ ಆ ಪುಡಿಗೆ ಅಂಟಿಕೊಳ್ಳುತ್ತದೆ. ಕೊಳವೆಗಳನ್ನು ಒಣಗಿಸಿ ಪುಣೆಗೆ ಕಳಿಸಿದೆ. ಉತ್ತರ ಬಂತು. ಬಾವಿಯ ನೀರಿನಲ್ಲಿ ಕ್ವಿನೋನ್ ಭರ್ತಿಯಾಗಿತ್ತು. ಕೆಳಗಿನ ಚರಂಡಿಯಲ್ಲೂ ಇತ್ತು. ಮೇಲಿನ ಚರಂಡಿಯಲ್ಲೂ ಇತ್ತು.

“ಮೇಲಿನದ್ರಲ್ಲೂ ಇಷ್ಟ್ಯಾಕ ಬಂತು?” ಎಂದು ನಮ್ಮ ಮುಖ್ಯಸ್ಥರು ಕೇಳಿದರು.

“ಕಬ್ಬಿನ ಟ್ರ್ಯಾಕ್ಟರ್ ಓಡಾಡ್ತಾವಲ್ರಿ ಸರ್. ಅವುಗಳ ಟಾಯರು ಸವೀತಾವ,” ಎಂದೆ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಹಾಗಾಯಿತು ನನ್ನ ಬುದ್ಧಿ. ನನಗೆ ಬೇಕಾದ ಅಂಕಿ ಬಂದಿತ್ತು, ಉಳಿದದ್ದನ್ನು ಕಟ್ಟಿಹಾಕಲು ಹಗ್ಗ ಹುಡುಕಿಕೊಂಡೆ. ವರದಿಗೆ ಸಹಿ ಹಾಕಿದೆ.

ವರದಿ ಹಿಡಿದು ಊರಿನ ಹಿರಿಯರು ಗುತ್ತಿಗೆ ಕಂಪನಿಯ ಇಂಜಿನಿಯರನ ಬಳಿ ಹೋದರು. ಗಡಿಯಾಚೆಯ ಯುವಕ, ಕನ್ನಡ ಮರಾಠಿ ಕಲಸಿ ಮಾತಾಡುವವನು. ಮೊದಲು ಗುದ್ದಾಡಿದ, ಆಮೇಲೆ ಒಪ್ಪಿದ. ಜೂನಿನ ಮಿರಗಿನ ಮಳೆ ಹಿಡಿಯುವ ಮೊದಲೇ ಗುಂಡಿ ಬಗೆದು ರಬ್ಬರನ್ನೆಲ್ಲ ಎತ್ತಿಸುವುದು, ಬಾವಿಯ ನೀರನ್ನು ಒಮ್ಮೆ ಪೂರ್ತಿ ಹೊರಹಾಕಿಸುವುದು ಎಂದು ತೀರ್ಮಾನವಾಯಿತು. ಆಯಿ ಬಂದವರಿಗೆಲ್ಲ ಬೆಲ್ಲ ಕೊಟ್ಟರು.

ಜೆಸಿಬಿ ಬಂದ ದಿನ ನಾನೂ ಹೋಗಿದ್ದೆ. ಬೆಳಗಿನ ಹೊತ್ತು, ಯಂತ್ರ ಇನ್ನೂ ಗುಂಡಿಗೆ ಮುಟ್ಟಿರಲಿಲ್ಲ. ಚಾಲಕನಿಗೆ ಮುಖ ತೊಳೆಯಲು ರೈತ ಬಾವಿಯಿಂದ ನೀರು ಸೇದಿದ. ಮೇಲೆ ಬಂದದ್ದು ಕಪ್ಪು ಬಾದಲಿ. ಹಳೆಯ ಲಾರಿ ಟಾಯರನ್ನು ಕತ್ತರಿಸಿ, ಮೊಳೆ ಬಡಿದು ಮಾಡಿದ್ದು. ನಮ್ಮ ಕಡೆ ದನಕ್ಕೆ ನೀರು ಕುಡಿಸಲು, ಗಾರೆ ಹೊರಲು ಎಲ್ಲ ಕಡೆ ಅದೇ ಇರುತ್ತದೆ, ಕಲ್ಲಿಗೆ ಬಡಿದರೂ ಒಡೆಯುವುದಿಲ್ಲ. ನಾನು ದಿನಾ ನೋಡುವ ವಸ್ತು. ಹತ್ತಿರ ಹೋಗಿ ಅದರ ಅಂಚು ಮುಟ್ಟಿ ನೋಡಿದೆ.

“ಅವತ್ತ ಬಾಟಲಿಗೆ ನೀರು ಯಾವುದರಾಗ ತಗದ್ರಿ?”

“ಇದರಾಗರಿ. ಮೂರೂ ಇದರಾಗ.”

“ಆಯಿದು ತಾಮ್ರದ ಬಾದಲಿ ಇತ್ತಲ್ರಿ?”

“ಅದು ದೊಡ್ಡವ್ವನ ಮಡಿ ಬಾದಲಿ ಮೇಡಂ. ಮಳ್ಯಾಗ ರಾಡಿ ತುಳದು ಬಂದಾವ ನಾ, ಜಳಕಾ ಮಾಡದ ಅದನ್ನ ಹೆಂಗ ಮುಟ್ಟಲಿ? ಪ್ಲಾಸ್ಟಿಕ್ ಬಕೀಟ್ ಕೈಯಾಗ ತಗೊಂಡಿದ್ನಿ, ನೀವು ಬ್ಯಾಡ ಅಂದಿದ್ದು ನೆನಪಾತು. ಅದನ್ನ ಇಟ್ಟು ಇದನ್ನ ತಗೊಂಡ್ನಿ.” ಮಾತು ಮುಗಿಯುವಷ್ಟರಲ್ಲಿ ಅವನಿಗೂ ಏನೋ ಹೊಳೆಯಿತು. “ಯಾಕ್ರಿ, ಏನಾತು?”

ರಬ್ಬರಿನಿಂದ ನೀರಿಗೆ ಏನು ಇಳಿದಿದೆ ಎಂದು ಅಳೆಯಲು ಹೊರಟು, ಆ ನೀರನ್ನು ರಬ್ಬರಿನಲ್ಲೇ ಸೇದಿಸಿದ್ದೆ. ಮೇಲಿನ ಚರಂಡಿಯ ನೀರಿನಲ್ಲೂ ಯಾಕೆ ಅಷ್ಟು ಬಂತು ಎಂಬುದಕ್ಕೆ ಉತ್ತರ ಬಾವಿಯ ಕಟ್ಟೆಯ ಮೇಲೆ ನೀರು ಸೋರುತ್ತ ಕೂತಿತ್ತು. ಪ್ಲಾಸ್ಟಿಕ್ ಬೇಡ ಎಂದವಳಿಗೆ ರಬ್ಬರ್ ಬೇಡ ಎನ್ನುವುದು ಹೊಳೆದಿರಲಿಲ್ಲ, ಏಕೆಂದರೆ ನನ್ನ ತಲೆಯಲ್ಲಿ ನೀರು ಸೇದುವುದೆಂದರೆ ಆಯಿ ಸೇದುವುದು, ತಾಮ್ರದಲ್ಲಿ.

ಜೆಸಿಬಿಯ ಎಂಜಿನ್ ಶುರುವಾಗಿತ್ತು. ಸುಮ್ಮನಿದ್ದರೆ ಮಧ್ಯಾಹ್ನದೊಳಗೆ ಗುಂಡಿ ಖಾಲಿಯಾಗುತ್ತಿತ್ತು. ಬಾವಿಗೆ ಗುಂಡಿಯಿಂದಲೇ ಕೇಡು ಬಂದಿದೆ ಎಂದು ನನಗೆ ಆಗಲೂ ಅನುಮಾನವಿರಲಿಲ್ಲ, ಬಟ್ಟೆಯ ಮೇಲಿನ ಕಾಳುಗಳನ್ನು ನಾನೇ ನೋಡಿದ್ದೆ. ಸುಳ್ಳು ಅಂಕಿಯಿಂದ ಸರಿಯಾದ ಕೆಲಸ ಆಗುವುದಿತ್ತು. ಆದರೆ ಆ ಹಾಳೆಯ ಕೆಳಗೆ ನನ್ನ ಸಹಿ ಇತ್ತು. ಆಯಿ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು. ಹೋಗಿ ಅವರಿಗೇ ಮೊದಲು ಹೇಳಿದೆ.

ಆಯಿ ಜೆಸಿಬಿಯ ಕಡೆ ಒಮ್ಮೆ ನೋಡಿ, “ಹೇಳೂದಿದ್ರ ಈಗ ಹೇಳು ತಂಗಿ. ತಗ್ಗು ತೋಡಿದ ಮ್ಯಾಲ ಹೇಳಿದ್ರ ಅದಕ್ಕ ಬ್ಯಾರೆ ಹೆಸರ ಐತಿ,” ಎಂದರು.

ಇಂಜಿನಿಯರನಿಗೆ ಹೇಳಿದೆ. ಅವನು ನಗಲಿಲ್ಲ, ಕುಣಿಯಲೂ ಇಲ್ಲ. “ಮ್ಯಾಡಂ, ನೀವು ಹೇಳದಿದ್ರ ನನಗ ಗೊತ್ತ ಆಗ್ತಿರಲಿಲ್ಲ,” ಎಂದು, ಫೋನ್ ತೆಗೆದು ಮರಾಠಿಯಲ್ಲಿ ಯಾರಿಗೋ ನಾಲ್ಕು ಮಾತು ಹೇಳಿದ. ಜೆಸಿಬಿ ಹಿಂದಕ್ಕೆ ತಿರುಗಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ರೈತ ಬಾದಲಿಯನ್ನು ಎತ್ತಿ ಕಬ್ಬಿನ ಹೊಲಕ್ಕೆ ಎಸೆದ.

“ಖರೇ ಹೇಳಿ ಏನ ಗಳಿಸಿದ್ರಿ?” ಎಂದು ನನ್ನನ್ನೇ ಕೇಳಿದ. ಹೊಲಕ್ಕೆ ಹೋಗಿ ಆ ಬಾದಲಿಯನ್ನು ಹುಡುಕಿ ತಂದೆ, ಪರೀಕ್ಷೆಗೆ ಬೇಕಿತ್ತು. ಪ್ರಯೋಗಾಲಯದಲ್ಲಿ ಅದಕ್ಕೆ ಶುದ್ಧ ನೀರು ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಆ ನೀರನ್ನು ಪುಣೆಗೆ ಕಳಿಸಿದೆ. ನಾನು ಅಂದುಕೊಂಡದ್ದೇ ಬಂತು, ಬಾದಲಿಯಿಂದಲೇ ನೀರಿಗೆ ಕ್ವಿನೋನ್ ಇಳಿದಿತ್ತು. ವರದಿಯನ್ನು ಹಿಂದಕ್ಕೆ ಪಡೆದಿದ್ದೇನೆ ಎಂದು ಬರೆದು, ಕಾರಣ ಬರೆದು, ಸಹಿ ಮಾಡಿ ಎಲ್ಲರಿಗೂ ಕೊಟ್ಟೆ.

ಮಿರಗ ಬರೀ ಗಾಳಿಯಲ್ಲೇ ಹೋಯಿತು. ಆರಿದ್ರಾ ಮಳೆ ಹಿಡಿದಾಗ ನಾನು ಎರಡು ದಿನ ಆಯಿಯ ಮನೆಯಲ್ಲೇ ಉಳಿದೆ. ಚರಂಡಿಯ ಎರಡೂ ಬಾಟಲಿಗಳನ್ನು ಹರಿವಿಗೆ ಹಿಡಿದು ನಾನೇ ತುಂಬಿದೆ. ಬಾವಿಯ ನೀರನ್ನು ಆಯಿ ಸೇದಿದರು. ಮಳೆಯಲ್ಲೇ ಜಳಕ ಮಾಡಿ, ಒದ್ದೆ ಸೀರೆಯಲ್ಲೇ ಕಟ್ಟೆ ಹತ್ತಿದರು. ನಾನು ಅವರ ತಲೆಯ ಮೇಲೆ ಕೊಡೆ ಹಿಡಿದೆ. ತಾಮ್ರದ ಬಾದಲಿಯಿಂದ ಬಾಟಲಿಗೆ ನೀರು ಬಿದ್ದಿತು. ನಂಬಲು ಯೋಗ್ಯವಾದ ಪಾತ್ರೆ ಇಡೀ ಊರಿನಲ್ಲಿ ಅದೊಂದೇ ಇತ್ತು ಅನಿಸಿತು.

“ನೀವೂ ಗಾಳಸ್ತೀರಂತಲ್ಲ, ಕಾಗದದಾಗ. ಅದರ ಮ್ಯಾಲ ಉಳದದ್ದನ್ನ ಎಲ್ಲಿ ಬಿಡ್ತಿ?” ಎಂದು ಕೇಳಿದರು.

“ಕಸದ ಡಬ್ಬಿಗೆ ಹಾಕ್ತೀವಿ ಆಯಿ.”

ಅವರು ಹೂಂ ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಈ ಸಲದ ಫಲಿತಾಂಶ ಸ್ಪಷ್ಟವಾಗಿತ್ತು. ಮೇಲಿನ ಚರಂಡಿಯಲ್ಲಿ ಕ್ವಿನೋನ್ ಇದ್ದೂ ಇಲ್ಲದಂತೆ. ಕೆಳಗಿನದರಲ್ಲಿ ಎದ್ದು ಕಾಣುವಷ್ಟು. ಬಾವಿಯಲ್ಲಿ ಮೊದಲ ಸಲಕ್ಕಿಂತ ಕಡಿಮೆ, ಆದರೆ ಇತ್ತು, ಅನುಮಾನಕ್ಕೆ ಎಡೆಯಿಲ್ಲದಂತೆ ಇತ್ತು. ರಬ್ಬರಿನಿಂದ ಇಳಿಯುವ ಸತುವೂ ಹಾಗೇ, ಮೇಲೆ ಕಡಿಮೆ, ಕೆಳಗೆ ಹೆಚ್ಚು. ಹಾಳೆ ಹಿಡಿದು ಇಂಜಿನಿಯರನ ಎದುರು ಕೂತೆ.

“ಇದರ ಲಿಮಿಟ್ ಎಷ್ಟ ಐತಿ ಮ್ಯಾಡಂ?” ಎಂದ.

ಕುಡಿಯುವ ನೀರಿನ ನಮ್ಮ ಮಾನದಂಡದಲ್ಲಿ ಈ ವಸ್ತುವಿನ ಹೆಸರೇ ಇಲ್ಲ. ಸತುವಿಗೆ ಮಿತಿ ಇದೆ, ಬಾವಿಯ ನೀರು ಅದರೊಳಗೇ ಇತ್ತು. ಹಾಗೆಂದೇ ಹೇಳಿದೆ.

“ಬಘಾ, ನೋಡ್ರಿ ಮ್ಯಾಡಂ, ಲಿಮಿಟ್ ಇಲ್ಲಂದ್ರ ನಮ್ಮ ಸಾಹೇಬರಿಗೆ ನಾ ಏನ ತೋರಿಸಲಿ? ಒಂದ ಸಲ ನೀವ ವಾಪಸ್ ತಗೊಂಡೀರಿ.” ಅವನ ದನಿಯಲ್ಲಿ ಬೇಸರವಿತ್ತು, ಕುಹಕವಿರಲಿಲ್ಲ. ಅದೇ ಹೆಚ್ಚು ಸಿಟ್ಟು ತರಿಸಿತು. ವಾರದೊಳಗೆ ಅವರು ಗುಂಡಿಯ ಮೇಲೆ ಎರಡು ಟಿಪ್ಪರ್ ಮೊರಂ ಮಣ್ಣು ಸುರಿದು ಮಟ್ಟ ಮಾಡಿಹೋದರು. ನೋಡಲು ಚೊಕ್ಕಟವಾಯಿತು. ಮೊರಮಿನ ಕೆಳಗೆ ನೀರು ಹೋಗುವ ದಾರಿಯನ್ನು ಯಾರೂ ಮುಟ್ಟಿರಲಿಲ್ಲ.

ಆಯಿಗೆ ಹೇಳಲು ಹೋದೆ. ಅವರು ಪಡಸಾಲೆಯಲ್ಲಿ ಸೋಸುವ ಬಟ್ಟೆ ಮಡಚುತ್ತಿದ್ದರು. ಇಂತಿಷ್ಟು ಇದೆ, ಮನುಷ್ಯರಿಗೆ ಏನು ಮಾಡುತ್ತದೆಂದು ಖಚಿತವಿಲ್ಲ, ನನ್ನ ಮನೆಯಾಗಿದ್ದರೆ ನಾನು ಕುಡಿಯುತ್ತಿರಲಿಲ್ಲ, ಎಂದೆ.

“ನಾ ಕುಡಿಯೂದು ಬಿಡು. ನಂದು ಮುಗದೈತಿ. ದಿನಾ ಜೀವಾಣಿ ವಾಪಸ್ ಬಿಡ್ತೀನಲ್ಲ, ಅವು ಆ ನೀರಾಗ ಬದುಕತಾವೋ ಸಾಯತಾವೋ?”

“ಗೊತ್ತಿಲ್ಲ ಆಯಿ.”

“ನಿಮ್ಮ ಮಿಶೀನಿಗೂ ಗೊತ್ತಿಲ್ಲ?”

“ಅದು ಎಷ್ಟ ಐತಿ ಅಂತ ಅಷ್ಟ ಹೇಳತೈತಿ.”

ಬಟ್ಟೆಯನ್ನು ಇನ್ನೊಂದು ಮಡಿಕೆ ಮಡಚಿದರು. “ಹಂಗಾರ ಯುಗಾದಿಯಿಂದ ನಾ ಅವನ್ನ ಹಿಡದು ಹಿಡದು ಇಷದಾಗ ಬಿಡಾಕತ್ತಿದ್ನೇನೋ,” ಎಂದರು. ಅವರ ದನಿ ಏರಲಿಲ್ಲ. ನನಗೆ ಅಳು ಬಂತು, ಅವರೆದುರಿಗೇ ಅತ್ತೆ. ಇಷ್ಟು ವರ್ಷದ ಕೆಲಸದಲ್ಲಿ ನಾನು ಯಾರಿಗೂ ಇದಕ್ಕಿಂತ ಕ್ರೂರವಾದ ಫಲಿತಾಂಶ ಕೊಟ್ಟಿರಲಿಲ್ಲ.

ಅಂದೇ ಆಯಿ ನೀರು ಸೇದುವುದನ್ನು ನಿಲ್ಲಿಸಿದರು. ಸೇದದಿದ್ದರೆ ವಾಪಸು ಬಿಡುವ ಮಾತೇ ಇಲ್ಲ. ಮುನಿಗಳ ಆಹಾರಕ್ಕೆ ಆ ವರ್ಷ ಬೇರೆಯವರ ಮನೆಯ ನೀರು ಹೋಯಿತು. ಆಯಿಗೆ ರೈತ ಊರಾಚೆಯ ಬೀಗರ ಬಾವಿಯಿಂದ ಒಂದು ತಂಬಿಗೆ ತಂದುಕೊಡುತ್ತಿದ್ದ. ಇನ್ನೊಬ್ಬರ ಬಾವಿಯ ಜೀವಕ್ಕೆ ತೊಂದರೆ ಕೊಡುವುದೇಕೆಂದು ಆಯಿ ದಿನಕ್ಕೆ ಒಂದೇ ಹೊತ್ತು ನೀರು ಕುಡಿಯುವ ವ್ರತ ಹಿಡಿದರು. ತಾಮ್ರದ ಬಾದಲಿ, ಹಗ್ಗ, ಬಟ್ಟೆ ಮೂರನ್ನೂ ನನಗೆ ಕೊಟ್ಟರು. “ಇಟ್ಕೋ. ಪರೀಕ್ಷಾಕ್ಕ ಬರತೈತಿ. ರಬ್ಬರ ಮುಟ್ಟಿಲ್ಲ.”

ಆಮೇಲಿನ ಪ್ರತಿ ದೊಡ್ಡ ಮಳೆಗೂ ಹೋಗಿ ನೀರು ಹಿಡಿದೆ. ಸಂಬಳದ ಕೆಲಸವಲ್ಲ, ರಜೆ ಹಾಕಿ ಹೋಗುತ್ತಿದ್ದೆ. ಹೋದಾಗಲೆಲ್ಲ ಜಳಕ ಮಾಡಿಯೇ ಬಾದಲಿ ಮುಟ್ಟುತ್ತಿದ್ದೆ. ಒಂದು ಬಾದಲಿ ನೀರನ್ನು ಆಯಿಯ ಬಟ್ಟೆಯಲ್ಲಿ ಸೋಸಿ, ಬಟ್ಟಲಿಗೆ ತೊಳೆದು, ಕೈಭೂತಗನ್ನಡಿಯಲ್ಲಿ ನೋಡುತ್ತಿದ್ದೆ. ಕಪ್ಪು ಕಾಳುಗಳು, ಅಷ್ಟೇ.

ದಸರೆ ಕಳೆದ ಮೇಲೆ ಒಂದು ಬೆಳಿಗ್ಗೆ ಬಟ್ಟಲಿನಲ್ಲಿ ಏನೋ ಮಿಸುಕಿತು. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಒಂದು ನೀರುಚಿಗಟ, ಸಾಸಿವೆಗಿಂತ ಚಿಕ್ಕದು, ನೆಗೆದು ನಿಂತು ನೆಗೆದು ನಿಂತು ಹೋಗುತ್ತಿತ್ತು. ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಆಯಿಯನ್ನು ಕರೆದೆ. ರೈತನ ಕೈ ಹಿಡಿದುಕೊಂಡು ಬಂದರು. ಮೂರು ತಿಂಗಳಿಂದ ಅವರು ಆ ಕಟ್ಟೆಯ ಬಳಿ ಬಂದಿರಲಿಲ್ಲ. ಭೂತಗನ್ನಡಿ ಕೊಟ್ಟೆ. ಬಹಳ ಹೊತ್ತು ನೋಡಿದರು.

“ಐತಿ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಎಲ್ಲಿ ಬಿಡ್ತಿ?”

ಬಂದ ಬಾವಿಗೇ ಬಿಡಬೇಕು ಎನ್ನುವುದು ಅವರದೇ ನಿಯಮ. ಕ್ವಿನೋನ್ ಇನ್ನೂ ಇದೆ ಎನ್ನುವ, ಬಾವಿಯ ನೀರಿನ ಕಳೆದ ವರದಿ ನನ್ನ ಚೀಲದಲ್ಲಿತ್ತು. ಅದು ಆ ನೀರಿನಲ್ಲಿ ಬದುಕಿದೆಯೋ, ಇನ್ನೂ ಸತ್ತಿಲ್ಲವೋ, ನನಗೆ ಗೊತ್ತಿರಲಿಲ್ಲ. ರೈತ ಒಮ್ಮೆ ಕೆಮ್ಮಿದ. ಮೂವರೂ ಬಟ್ಟಲಿನ ಸುತ್ತ ಕೂತೆವು. ಬಿಸಿಲು ಏರುತ್ತಿತ್ತು. ನೀರು ಬೆಚ್ಚಗಾಗುವ ಮೊದಲು ನಾನು ಉತ್ತರ ಹೇಳಬೇಕಿತ್ತು.